ಡೇರೀಲಿ ಫ್ಯಾಟ್ ಎಷ್ಟು ಅಂತ ಕೇಳೋ ನಾವು ಆಸ್ಪತ್ರೇಲಿ ಯಾಕೆ ಬಾಯಿ ಬಿಡಲ್ಲ?

ಮೂರು ವಾರದಿಂದ ಈ ಪೇಜಲ್ಲಿ ಏನೂ ಬರೆದಿಲ್ಲ. ರಾಗಿಗೆ ಕುಂಟೆ ಹೊಡೆಯೋ ಹೊತ್ತಲ್ಲಿ ಇವನೆಲ್ಲಿ ಹೋದ ಅಂತ ಕೆಲವರು ಫೋನ್ ಮಾಡಿ ಕೇಳಿದ್ರಿ. ಅವ್ವ ಕೊಟ್ಟಿಗೆ ಹತ್ರ ಜಾರಿ ಬಿದ್ದು ಎಡಗಾಲು ಸೊಂಟದ ಹತ್ರ ಮುರೀತು. ವಯಸ್ಸು 76, ಜೊತೆಗೆ ಶುಗರ್ ಬೇರೆ. ಆಪರೇಷನ್ ಆಯ್ತು. 11 ದಿನ ಆಸ್ಪತ್ರೇಲಿದ್ದು ಮನೆಗೆ ಬಂದಿದ್ದಾಳೆ. ವಾಕರ್ ಹಿಡ್ಕೊಂಡು ನಡುಮನೆಯಿಂದ ಜಗಲಿವರೆಗೂ ಬರ್ತಾಳೆ, ಅಲ್ಲಿಂದಲೇ ನಮ್ಮನ್ನೆಲ್ಲ ಬೈತಾಳೆ. ಅಂದ್ರೆ ಚೆನ್ನಾಗಿದ್ದಾಳೆ ಅಂತ ಲೆಕ್ಕ.

ಇವತ್ತು ರಾಗಿ ವಿಚಾರ ಬರೆಯಲ್ಲ. ಆ 11 ದಿನದಲ್ಲಿ ಮನಸ್ಸಿಗೆ ಬಂದ ಒಂದು ಮಾತು ಬರೀತೀನಿ. ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ. ನಾನು ಎಸ್ಸೆಸ್ಸೆಲ್ಸಿ ಓದಿದವನು, ವೈದ್ಯ ಅಲ್ಲ. ಯಾವ ಔಷಧಿ ಒಳ್ಳೇದು ಯಾವುದು ಕೆಟ್ಟದ್ದು ಅಂತ ಹೇಳೋಕೆ ಬರೆದದ್ದಲ್ಲ ಇದು. ಆಸ್ಪತ್ರೆ ಬಾಗಿಲಲ್ಲಿ ಚಪ್ಪಲಿ ಜೊತೆ ನಮ್ಮ ಬಾಯನ್ನೂ ಬಿಟ್ಟು ಒಳಗೆ ಹೋಗ್ತೀವಲ್ಲ, ಅದು ತಪ್ಪು ಅಂತ ಹೇಳೋಕೆ ಬರೀತಿದ್ದೀನಿ.

ಮೊದಲು ನನ್ನ ತಪ್ಪೇ ಹೇಳಿಬಿಡ್ತೀನಿ. 2014ರಲ್ಲಿ ನಮ್ಮಣ್ಣನಿಗೆ ಜೋರು ಜ್ವರ ಬಂದು ಒಂದು ಆಸ್ಪತ್ರೆಗೆ ಸೇರಿಸಿದ್ವಿ. ಬಲಗೈ ಮೇಲೆ ಸೂಜಿ ಚುಚ್ಚಿ, ಪ್ಲಾಸ್ಟರ್ ಹಾಕಿ ಡ್ರಿಪ್ಸ್ ಕೊಟ್ಟರು. ಮೂರನೇ ದಿನ ರಾತ್ರಿ ಅಣ್ಣ "ಕೈ ಉರೀತಿದೆ ಕಣೋ" ಅಂದ. ನೋಡಿದೆ, ಸೂಜಿ ಸುತ್ತ ಕೆಂಪಗಿತ್ತು. "ಬೆಳಗ್ಗೆ ದೊಡ್ಡ ಡಾಕ್ಟ್ರು ಬಂದಾಗ ಹೇಳೋಣ, ಸುಮ್ನೆ ಮಲಗು, ಎಲ್ಲರಿಗೂ ಹಾಗೇ ಆಗುತ್ತೆ" ಅಂದೆ. ಬೆಳಗ್ಗೆ ದೊಡ್ಡ ಡಾಕ್ಟ್ರು ಬಂದು ಎರಡು ನಿಮಿಷದಲ್ಲಿ ಹೋದ್ರು. ನಾನು ಕೈಕಟ್ಟಿಕೊಂಡು ನಿಂತಿದ್ದೆ. ಅಣ್ಣ ಬಾಯಿ ತೆಗೆಯೋಕೆ ಹೋದ, ನಾನೇ ಕಣ್ಣಲ್ಲಿ ಸನ್ನೆ ಮಾಡಿ ಸುಮ್ಮನಿರಿಸಿದೆ. ಸಂಜೆಗೆ ಕೈ ಊದಿತ್ತು. ಆಮೇಲೆ ಕೀವಾಗಿ ಕೊಯ್ದು ತೆಗೆದ್ರು. ಜ್ವರ ನಾಲ್ಕು ದಿನಕ್ಕೆ ಹೋಯ್ತು, ಕೈಗೋಸ್ಕರ ಇನ್ನೂ 16 ದಿನ ಅಲ್ಲೇ ಇದ್ವಿ. ಇವತ್ತಿಗೂ ಅವನ ಎರಡು ಬೆರಳು ಪೂರ್ತಿ ಮಡಚಲ್ಲ. ಕಾಯಿ ಸುಲಿಯೋದ್ರಲ್ಲಿ ನಮ್ಮೂರಲ್ಲಿ ಅವನ ಸಮ ಯಾರೂ ಇರಲಿಲ್ಲ ಅಂತ ನಿಮಗೆ ಗೊತ್ತು. ಈಗ ಕೂಲಿಯವರನ್ನ ಕರೆಸ್ತಾನೆ. ನನಗೆ ಒಂದು ಮಾತೂ ಅಂದಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತು.

ಆಸ್ಪತ್ರೆಯವರದ್ದು ತಪ್ಪಿಲ್ಲ ಅಂತ ಹೇಳ್ತಿಲ್ಲ. ಸೂಜಿ ಹಾಕಿದ ಜಾಗವನ್ನ ದಿನಾ ನೋಡಬೇಕಾದ್ದು ಅವರ ಕೆಲಸವೇ. ಆದ್ರೆ ಆ ರಾತ್ರಿ ಕೆಂಪಗಾದದ್ದನ್ನ ಕಂಡ ಕಣ್ಣು ನನ್ನದು. ಕಂಡೂ ಹೇಳದೆ ಇದ್ದವನು ನಾನು.

ಈಗ ಯೋಚನೆ ಮಾಡಿ. ಡೇರೀಲಿ ಹಾಲು ಹಾಕುವಾಗ ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ ಎಷ್ಟು ಅಂತ ನೋಡದೆ ಯಾರಾದ್ರೂ ಕ್ಯಾನ್ ಎತ್ತಿಕೊಂಡು ಬರ್ತೀವಾ? ಒಂದು ಪಾಯಿಂಟ್ ಕಮ್ಮಿ ಬಂದ್ರೆ ಇನ್ನೊಂದ್ಸಲ ಹಾಕಿ ನೋಡಿ ಅಂತೀವಿ. ಮಂಡೀಲಿ ತಕ್ಕಡಿ ಮುಳ್ಳು ನೋಡ್ತೀವಿ. ಔಷಧಿ ಅಂಗಡೀಲಿ ಡಬ್ಬದ ಮೇಲಿನ ತ್ರಿಕೋನ ಕೆಂಪೋ ಹಳದಿಯೋ ನೀಲಿಯೋ ಹಸಿರೋ ಅಂತ ನೋಡಿ, ತಾರೀಖು ನೋಡಿ, ಲೀಟರಿಗೆ ಎಷ್ಟು ಎಂ.ಎಲ್. ಅಂತ ಎರಡು ಸಲ ಕೇಳ್ತೀವಿ. ಹಾಗೆ ಕೇಳಿದ್ರೆ ಡೇರಿ ಕಾರ್ಯದರ್ಶಿಗೆ ಅವಮಾನ ಅಂತ ನಮಗೆ ಅನ್ಸಲ್ಲ, ಅವರಿಗೂ ಅನ್ಸಲ್ಲ. ನಮ್ಮ ಮೈಯೊಳಕ್ಕೆ ಹೋಗೋ ಔಷಧಿ ಏನು ಅಂತ ಕೇಳೋಕೆ ಮಾತ್ರ ನಾಲಿಗೆ ಏಳಲ್ಲ.

ತಪ್ಪು ಆಗೋದು ಅಪರೂಪ ಅಂತ ತಿಳ್ಕೊಂಡಿದ್ದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಚಿಕಿತ್ಸೆಗೆ ಹೋದ ಸುಮಾರು 10 ಜನರಲ್ಲಿ ಒಬ್ಬರಿಗೆ ಆ ಚಿಕಿತ್ಸೆ ಪಡೆಯೋ ಹೊತ್ತಲ್ಲೇ ಏನಾದ್ರೂ ಹಾನಿ ಆಗುತ್ತಂತೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ತಪ್ಪಿಸಬಹುದಾದದ್ದು. 2019ರಿಂದ ಪ್ರತಿ ಸೆಪ್ಟೆಂಬರ್ 17ನ್ನ ರೋಗಿಗಳ ಸುರಕ್ಷತೆಯ ದಿನ ಅಂತ ಮಾಡ್ತಾರೆ. 2023ರಲ್ಲಿ ಅದಕ್ಕೆ ಇಟ್ಟುಕೊಂಡಿದ್ದ ವಿಷಯವೇ ರೋಗಿಗಳನ್ನೂ ಮನೆಯವರನ್ನೂ ಈ ಕೆಲಸದಲ್ಲಿ ಸೇರಿಸ್ಕೋಬೇಕು ಅನ್ನೋದು. ನಾವು ಕೇಳೋದು ಅಧಿಕಪ್ರಸಂಗ ಅಲ್ಲ ಅಂತ ಅವರೇ ಹೇಳ್ತಿದ್ದಾರೆ.

ಅವ್ವನ ವಿಷಯಕ್ಕೆ ಬರ್ತೀನಿ. ಬಿದ್ದ ದಿನ ನಾನು ತೋಟದಲ್ಲಿದ್ದೆ. ಅಣ್ಣನ ಮಗ ಕರ್ಕೊಂಡು ಹೋದ. ಸೇರಿಸ್ಕೊಳ್ಳುವಾಗ "ಯಾವುದಾದ್ರೂ ಔಷಧಿ ಅಲರ್ಜಿ ಇದೆಯಾ" ಅಂತ ಕೇಳಿದ್ದಾರೆ, ಹುಡುಗ ಇಲ್ಲ ಅಂದಿದ್ದಾನೆ. ಅವನಿಗೆ ಗೊತ್ತಿಲ್ಲ. ಬಹಳ ವರ್ಷದ ಹಿಂದೆ ಯಾವುದೋ ಕ್ಯಾಪ್ಸೂಲ್ ತಗೊಂಡು ಅವ್ವನ ಮುಖ ಊದಿ, ಉಸಿರು ಕಟ್ಟಿ ರಾತ್ರೋರಾತ್ರಿ ಓಡಿದ್ವಿ. ನನಗೂ "ಯಾವುದೋ ಒಂದು ಆಗಲ್ಲ" ಅನ್ನೋದಷ್ಟೇ ನೆನಪು. ಮಗಳು ಮನೇಲಿ ಟ್ರಂಕ್ ಎಲ್ಲ ಹುಡುಕಿ ಆ ಹಳೇ ಚೀಟಿ ತೆಗೆದಳು. ಆಂಪಿಸಿಲಿನ್ ಅಂತ ಬರೆದಿತ್ತು, ಕೆಳಗೆ ಗೆರೆ ಎಳೆದಿತ್ತು. ಫೋಟೋ ಕಳಿಸಿದಳು. ಮಾರನೇ ದಿನ ಬೆಳಗ್ಗೆ ಸಿಸ್ಟರ್‌ಗೆ ತೋರಿಸಿದೆ. ಅವರು ಕೇಸ್ ಶೀಟ್ ಮೇಲೆ ಕೆಂಪು ಇಂಕಲ್ಲಿ ಬರೆದುಕೊಂಡ್ರು. ನನ್ನ ಕೆಲಸ ಮುಗೀತು ಅಂದ್ಕೊಂಡೆ.

ಮುಗಿದಿರಲಿಲ್ಲ. ಅವತ್ತೇ ರಾತ್ರಿ ಅವ್ವನಿಗೆ ಕೆಮ್ಮು, ಜ್ವರ. ಡ್ಯೂಟಿ ಡಾಕ್ಟ್ರು ಬಂದು ಬರೆದು ಹೋದ್ರು. ಬೇರೆ ಸಿಸ್ಟರ್ ಇಂಜೆಕ್ಷನ್ ತಂದ್ರು. "ಇದು ಏನಕ್ಕಮ್ಮ?" ಅಂದೆ. "ಆ್ಯಂಟಿಬಯಾಟಿಕ್, ಯಜಮಾನ್ರೇ." "ಹೆಸರೇನು?" "ಅಮಾಕ್ಸಿಸಿಲಿನ್ ಕ್ಲಾವುಲನೇಟ್." ನನಗೆ ಆ ಹೆಸರು ಗೊತ್ತಿಲ್ಲ. ಕೊನೇಲಿ 'ಸಿಲಿನ್' ಅಂತ ಬಂತಲ್ಲ, ಅಷ್ಟೇ ಕಿವಿಗೆ ಬಿದ್ದದ್ದು. "ಆಂಪಿಸಿಲಿನ್ ಆಗಲ್ಲ ಅಂತ ಬೆಳಗ್ಗೆ ಬರೆಸಿದ್ದೆ. ಇದು ಅದೇ ಜಾತಿದಾ?" ಅಂದೆ. ಅವರು ಕೈ ನಿಲ್ಲಿಸಿ ಶೀಟ್ ತಿರುಗಿಸಿ ನೋಡಿದ್ರು. ಏನೂ ಮಾತಾಡದೆ ಟ್ರೇ ಎತ್ಕೊಂಡು ಹೋದ್ರು. ಸ್ವಲ್ಪ ಹೊತ್ತಿಗೆ ಬೇರೆ ಇಂಜೆಕ್ಷನ್ ತಂದು "ಎರಡೂ ಪೆನಿಸಿಲಿನ್ ಗುಂಪಿಂದೇ. ಒಳ್ಳೇದಾಯ್ತು ನೀವು ಕೇಳಿದ್ದು" ಅಂದ್ರು. ಆಮೇಲೆ ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಕೈ ನಡುಗ್ತಿತ್ತು.

ಆ ಸಿಸ್ಟರ್ ಕೆಟ್ಟವರಲ್ಲ, ಡಾಕ್ಟ್ರೂ ಕೆಟ್ಟವರಲ್ಲ. ಆ ವಾರ್ಡಲ್ಲಿ ರಾತ್ರಿ ಒಬ್ಬರೇ ಸಿಸ್ಟರ್ ಎಷ್ಟು ಹಾಸಿಗೆಗೆ ಓಡ್ತಿದ್ರು ಅಂತ ಕಣ್ಣಾರೆ ನೋಡಿದ್ದೀನಿ. ಶಿಫ್ಟ್ ಬದಲಾಗುತ್ತೆ, ಡಾಕ್ಟ್ರು ಬದಲಾಗ್ತಾರೆ, ಕಾಗದ ಕೆಳಗೆ ಹೋಗುತ್ತೆ. ಬದಲಾಗದೆ ಇರೋರು ಇಬ್ಬರೇ, ಹಾಸಿಗೆ ಮೇಲೆ ಮಲಗಿರೋರು, ಪಕ್ಕದಲ್ಲಿ ಕೂತಿರೋರು. ಅದಕ್ಕೇ ಕೊನೇ ಕಾವಲು ನಮ್ಮದು.

ಆಪರೇಷನ್ ದಿನ ಇನ್ನೊಂದು ಕಲಿತೆ. ಡಾಕ್ಟ್ರು ಬಂದು ಅವ್ವನ ಹೆಸರು ಅವ್ವನ ಬಾಯಲ್ಲೇ ಹೇಳಿಸಿದ್ರು, ಕೈಪಟ್ಟಿ ನೋಡಿದ್ರು, ಯಾವ ಕಾಲು ಅಂತ ಕೇಳಿ ಎಡಗಡೆ ಪೆನ್ನಲ್ಲಿ ಗುರುತು ಹಾಕಿದ್ರು. "ಗೊತ್ತಿದ್ದೂ ಯಾಕೆ ಸಾರ್ ಕೇಳ್ತೀರಿ?" ಅಂದೆ. ಎಡ ಬಲ ಅದಲು ಬದಲಾದ ಉದಾಹರಣೆ ಲೋಕದಲ್ಲಿ ಇದೆಯಂತೆ. 2008ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಪಟ್ಟಿ ಇದೆಯಂತೆ. ಅರಿವಳಿಕೆ ಕೊಡೋ ಮುಂಚೆ, ಕೊಯ್ಯೋ ಮುಂಚೆ, ಥಿಯೇಟರಿಂದ ಹೊರಗೆ ಕಳಿಸೋ ಮುಂಚೆ, ಮೂರು ಸಲ ನಿಂತು ಎಲ್ಲರೂ ಬಾಯಿಬಿಟ್ಟು ಹೇಳಿ ಒಪ್ಪಿಸ್ಕೋಬೇಕು. ಅಷ್ಟು ಓದಿದೋರೇ ಪಟ್ಟಿ ಇಟ್ಕೊಂಡು ಕೇಳ್ಕೊಳ್ಳುವಾಗ ನಾವು ಕೇಳೋಕೆ ಯಾಕೆ ನಾಚ್ಕೋಬೇಕು? ನಿಮ್ಮವರಿಗೆ ಗುರುತು ಹಾಕಿಲ್ಲ ಅಂದ್ರೆ, "ಯಾವ ಕಡೆ ಅಂತ ಗುರುತು ಹಾಕ್ತೀರಾ ಸಾರ್" ಅಂತ ಕೇಳಿ.

ರಕ್ತ ಕೊಡುವಾಗಲೂ ಹಾಗೇ. ಇಬ್ಬರು ಸಿಸ್ಟರ್ ಬಂದು ಚೀಲದ ಮೇಲಿನ ಹೆಸರು, ನಂಬರು, ಗ್ರೂಪು, ತಾರೀಖು ಎಲ್ಲಾ ಕೈಪಟ್ಟಿ ಜೊತೆ ತಾಳೆ ನೋಡಿದ್ರು. ನಾನೂ ಪಕ್ಕದಲ್ಲಿ ನಿಂತು ಓದಿದೆ, ಬೇಡ ಅನ್ನಲಿಲ್ಲ. ಮೊದಲ 15 ನಿಮಿಷ ಹತ್ರಾನೇ ಇರಿ, ಚಳಿ, ನವೆ, ಉಸಿರಾಟದ ತೊಂದರೆ, ಬೆನ್ನು ನೋವು ಏನೇ ಅಂದ್ರೂ ತಕ್ಷಣ ಕೂಗಿ ಅಂದ್ರು. ಆಮೇಲೂ ಚೀಲ ಮುಗಿಯೋವರೆಗೂ ಕಣ್ಣಿಟ್ಟಿರಬೇಕು.

ಐದನೇ ದಿನ ರಾತ್ರಿ ಅಣ್ಣ ಕಾವಲಿಗೆ ಕೂತಿದ್ದ. ಅವ್ವನ ಕೈ ಸೂಜಿ ಹತ್ರ ಸ್ವಲ್ಪ ಕೆಂಪಾಗಿದ್ದು ಅವನ ಕಣ್ಣಿಗೇ ಬಿತ್ತು. ರಾತ್ರಿ ಎರಡು ಗಂಟೇಲಿ ಹೋಗಿ ಸಿಸ್ಟರನ್ನ ಕರ್ಕೊಂಡು ಬಂದು "ಇದನ್ನ ಈಗಲೇ ತೆಗೆದು ಬೇರೆ ಕಡೆ ಹಾಕಿ ತಾಯಿ" ಅಂದನಂತೆ. ತೆಗೆದ್ರು. ಬೆಳಗ್ಗೆ ನನಗೆ ಹೇಳುವಾಗ ತನ್ನ ಬಲಗೈ ಬೆರಳನ್ನ ಉಜ್ಜಿಕೊಳ್ತಿದ್ದ. ನಾನು ತಲೆ ಎತ್ತಲಿಲ್ಲ.

ನಮ್ಮ ಕಡೆ ತಪ್ಪುಗಳೂ ಕಮ್ಮಿ ಇಲ್ಲ. ಆಪರೇಷನ್ ದಿನ ಖಾಲಿ ಹೊಟ್ಟೇಲಿರಬೇಕು ಅಂತ ಹೇಳಿರ್ತಾರೆ. ಪಕ್ಕದ ಹಾಸಿಗೆಯವರ ಮನೆಯವರು "ಪಾಪ, ಬೆಳಗ್ಗೆಯಿಂದ ಏನೂ ಇಲ್ಲ" ಅಂತ ಸೆರಗಲ್ಲಿ ಮುಚ್ಚಿಟ್ಟು ಬನ್ನು, ಕಾಫಿ ಕೊಟ್ಟರು. ಅರಿವಳಿಕೆ ಕೊಟ್ಟಾಗ ಹೊಟ್ಟೇಲಿರೋದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಕುತ್ತು. ಕೊಟ್ಟದ್ದು ಪ್ರೀತಿಯಿಂದಲೇ, ಪುಣ್ಯಕ್ಕೆ ಆಮೇಲೆ ಬಾಯಿಬಿಟ್ಟರು, ಆಪರೇಷನ್ ಮುಂದಕ್ಕೆ ಹಾಕಿದ್ರು. ಹಾಗೇ ಕುಡಿಯೋ ಅಭ್ಯಾಸ ಮುಚ್ಚಿಡೋದು, ನಾಟಿ ಔಷಧಿ ತಗೊಂಡದ್ದು ಮುಚ್ಚಿಡೋದು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ದೀವಿ ಅಂತ ಹೇಳದೆ ಇರೋದು. ಡಾಕ್ಟ್ರು ಬೈತಾರೆ ಅಂತ ಹೆದರಿ ಸುಳ್ಳು ಹೇಳಿದ್ರೆ, ಆ ಸುಳ್ಳಿನ ಮೇಲೇ ಅವರು ಚಿಕಿತ್ಸೆ ಬರೀತಾರೆ. ಔಷಧಿ ಹೊಡೆಯುವಾಗ ಯಾರಿಗಾದ್ರೂ ತಲೆ ಸುತ್ತಿ ಬಿದ್ರೆ ಡಬ್ಬಾನೋ ಲೇಬಲ್ಲೋ ಜೊತೆಗೆ ತಗೊಂಡೇ ಹೋಗಿ. ಒಂದೊಂದು ವಿಷಕ್ಕೆ ಒಂದೊಂದು ಚಿಕಿತ್ಸೆ. "ಯಾವುದೋ ಬಿಳೀ ಔಷಧಿ ಸಾರ್" ಅಂದ್ರೆ ಅವರು ಏನು ಮಾಡಬೇಕು?

ಮನೆಗೆ ಕಳಿಸೋ ದಿನ ಎಲ್ಲರಿಗೂ ಅವಸರ. ಗಾಡಿ ಬಂದಿರುತ್ತೆ, ಬಿಲ್ಲು ಕಟ್ಟಬೇಕು. ಅಪಾಯ ಅಲ್ಲೂ ಇದೆ. ಅವ್ವನಿಗೆ ಮೊದಲು ಮನೇಲಿ ಕೊಡ್ತಿದ್ದ ಇನ್ಸುಲಿನ್ ಬಾಟಲಿ ಮೇಲೆ 40 ಅಂತ ಇತ್ತು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಹೋಗುವಾಗ ಬದಲಾಯಿಸಿ ಕೊಟ್ಟ ಬಾಟಲಿ ಮೇಲೆ 100 ಅಂತ ಇತ್ತು. ಮಗಳು ಎರಡೂ ಓದಿ "ಹಳೇ ಸಿರಿಂಜು ಇದಕ್ಕೆ ಆಗುತ್ತಾ" ಅಂತ ಕೇಳಿದಳು. ಆಗಲ್ಲ. 100ರ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜೇ ಬೇಕು. ಕೆಂಪು ಸಿರಿಂಜಲ್ಲಿ ಅದೇ ಗೆರೆವರೆಗೆ ಎಳೆದಿದ್ರೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗ್ತಿತ್ತು. ಲೀಟರಿಗೆ 2 ಎಂ.ಎಲ್. ಹಾಕೋ ಕಡೆ 5 ಎಂ.ಎಲ್. ಹಾಕಿದ ಹಾಗೆ. ಗಿಡ ಸುಟ್ರೆ ಮತ್ತೆ ನೆಡಬಹುದು. ಮನೇಲಿ ಇನ್ಸುಲಿನ್ ತಗೊಳ್ಳೋರಿದ್ರೆ ಇವತ್ತೇ ಬಾಟಲಿ, ಸಿರಿಂಜು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

"ಕೇಳಿದ್ರೆ ಸಿಟ್ಟು ಮಾಡ್ಕೋತಾರೆ, ಆಮೇಲೆ ಸರಿಯಾಗಿ ನೋಡಲ್ಲ" ಅಂತ ನೀವು ಅಂತೀರಿ. ಗೊತ್ತು, ನಾನೂ ಹಾಗೇ ಅಂದ್ಕೊಂಡಿದ್ದವನು. ಒಬ್ಬ ಡಾಕ್ಟ್ರು ಸಿಟ್ಟಾದ್ರು, ಸುಳ್ಳು ಹೇಳಲ್ಲ. "ಡಾಕ್ಟ್ರು ನೀವಾ ನಾನಾ?" ಅಂದ್ರು. "ನೀವೇ ಸಾರ್. ಮನೆಗೆ ಹೋದ್ಮೇಲೆ ನೋಡ್ಕೊಳ್ಳೋನು ನಾನು, ಅದಕ್ಕೆ ತಿಳ್ಕೊಂಡಿರೋಣ ಅಂತ" ಅಂದೆ. ಆಮೇಲೆ ನಿಂತು ಹೇಳಿದ್ರು. ಉಳಿದವರೆಲ್ಲ ಕೇಳಿದ್ದಕ್ಕೆ ಹೇಳಿದ್ರು. ಹೇಗೆ ಕೇಳ್ತೀವಿ ಅನ್ನೋದೂ ಮುಖ್ಯ. "ನೀವು ಕೊಡ್ತಿರೋದು ತಪ್ಪು" ಅನ್ನೋದಕ್ಕೂ "ಇದು ಏನಕ್ಕೆ ಕೊಡ್ತಿದ್ದೀರಿ" ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ. ಹತ್ತು ಜನ ನುಗ್ಗಿ ಕೂಗಾಡೋದು, ಕೈ ಮಾಡೋದು, ವಾಟ್ಸಾಪಲ್ಲಿ ಬಂದದ್ದನ್ನ ತೋರಿಸಿ ವಾದ ಮಾಡೋದು, ಅದನ್ನ ನಾನು ಹೇಳ್ತಿಲ್ಲ. ಅದರಿಂದ ಕೇಳಬೇಕಾದವರ ಬಾಯೂ ಮುಚ್ಚಿ ಹೋಗುತ್ತೆ.

ಕೇಳೋಕೆ ನಮಗೆ ಹಕ್ಕೂ ಇದೆ. ರೋಗಿಗಳ ಹಕ್ಕುಗಳ ಪಟ್ಟಿಯನ್ನ ಕೇಂದ್ರ ಆರೋಗ್ಯ ಇಲಾಖೆ 2019ರಲ್ಲೇ ರಾಜ್ಯಗಳಿಗೆ ಕಳಿಸಿದೆ. ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳಿಗೆ 2007ರ ಕಾಯ್ದೆ ಇದೆ, 2017ರ ತಿದ್ದುಪಡಿಯಲ್ಲಿ ರೋಗಿಗಳ ಸನ್ನದು ಅಂತ ಸೇರಿಸಿದ್ದಾರೆ. ಕಾಯಿಲೆ ಏನು, ಚಿಕಿತ್ಸೆ ಏನು, ಅದರಲ್ಲಿ ಅಪಾಯ ಏನು ಅಂತ ನಮಗೆ ಅರ್ಥ ಆಗೋ ಹಾಗೆ ಹೇಳಬೇಕು. ದಾಖಲೆ ಬೇಕು ಅಂತ ಕೇಳಿದ್ರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ 2002ರ ನಿಯಮದಲ್ಲೇ ಇದೆ. ಇಂಗ್ಲಿಷಲ್ಲಿರೋ ಕಾಗದಕ್ಕೆ ಸಹಿ ಹಾಕಿ ಅಂದ್ರೆ, "ಇದರಲ್ಲಿ ಏನಿದೆ ಕನ್ನಡದಲ್ಲಿ ಹೇಳಿ, ಆಮೇಲೆ ಹಾಕ್ತೀನಿ" ಅನ್ನಿ. ಜಮೀನಿನ ಪತ್ರಕ್ಕೆ ಓದಿಸದೆ ಹೆಬ್ಬೆಟ್ಟು ಒತ್ತಿ ಕೆಟ್ಟವರನ್ನ ನಮ್ಮ ಅಜ್ಜಂದಿರ ಕಾಲದಿಂದ ನೋಡಿದ್ದೀವಿ.

ಒಂದು ಮಾತು ಒಪ್ಪಿಕೊಳ್ತೀನಿ. ನೋವಲ್ಲಿ ಮಲಗಿರೋರು ತಾವೇ ಕೇಳೋಕೆ ಆಗಲ್ಲ. ಅವ್ವ ಆ ರಾತ್ರಿ ಅರ್ಧ ನಿದ್ದೇಲಿದ್ದಳು. ಒಂಟಿಯಾಗಿರೋ ಮುದುಕರು, ಮಕ್ಕಳು ಬೆಂಗಳೂರಲ್ಲಿರೋರು ನಮ್ಮೂರಲ್ಲಿ ಎಷ್ಟು ಮಂದಿ ಇದ್ದಾರೆ ಎಣಿಸಿ ನೋಡಿ. ಹಣ್ಣು ಹಿಡ್ಕೊಂಡು ಹೋಗಿ ನೋಡಿ ಬರೋಕೆ ಇಪ್ಪತ್ತು ಜನ ಹೋಗ್ತೀವಿ. ಇಪ್ಪತ್ತು ಜನ ಒಂದೇ ದಿನ ಹೋಗೋ ಬದಲು ಒಬ್ಬೊಬ್ಬರು ಒಂದೊಂದು ರಾತ್ರಿ ಕೂತ್ರೆ ರೋಗಿಗೆ ಉಪಯೋಗ. ಕೂತೋರು ಫೋನ್ ನೋಡ್ಕೊಂಡು ಕೂರೋದಲ್ಲ. ಕೈ ತೊಳ್ಕೊಂಡು ಒಳಗೆ ಹೋಗಿ, ಏನು ಕೊಟ್ಟರು ಎಷ್ಟು ಹೊತ್ತಿಗೆ ಕೊಟ್ಟರು ಬರೆದಿಡಿ, ಮಂಚದಿಂದ ಇಳಿಯುವಾಗ ಕೈ ಹಿಡೀರಿ, ಮಗ್ಗುಲು ಬದಲಾಯಿಸೋಕೆ ಸಿಸ್ಟರ್‌ಗೆ ನೆನಪು ಮಾಡಿ. ಬೆನ್ನು ಹುಣ್ಣಾಗೋದು ಮಲಗಿದ ಕಡೆಯೇ ಮಲಗಿದ್ರಿಂದ.

ಇದಕ್ಕೆಲ್ಲ ಮುಂಚೆ ಮಾಡಬೇಕಾದ ಒಂದು ಸಣ್ಣ ಕೆಲಸ ಇದೆ. ಒಂದು 20 ರೂಪಾಯಿ ನೋಟ್‌ಬುಕ್ ತಗೊಂಡು ಮನೇಲಿರೋ ಒಬ್ಬೊಬ್ಬರಿಗೂ ಒಂದು ಹಾಳೆ ಇಡಿ. ಇಷ್ಟು ಬರೀರಿ:

1. ಹೆಸರು, ವಯಸ್ಸು, ರಕ್ತದ ಗುಂಪು.
2. ಯಾವ ಔಷಧಿ ಆಗಲ್ಲ, ತಗೊಂಡಾಗ ಏನಾಗಿತ್ತು. ಇಲ್ಲ ಅಂದ್ರೆ "ಗೊತ್ತಿರೋ ಹಾಗೆ ಇಲ್ಲ" ಅಂತ ಬರೀರಿ, ಖಾಲಿ ಬಿಡಬೇಡಿ.
3. ದಿನಾ ತಗೊಳ್ಳೋ ಮಾತ್ರೆ, ಎಷ್ಟು ಎಂ.ಜಿ., ಎಷ್ಟು ಹೊತ್ತಿಗೆ. ಮಾತ್ರೆ ಹಾಳೆಯ ಹೆಸರು ನೋಡಿ ಬರೀರಿ.
4. ಹಿಂದೆ ಆದ ಆಪರೇಷನ್, ಸ್ಟೆಂಟ್, ದೊಡ್ಡ ಕಾಯಿಲೆ.
5. ಯಾರಿಗೆ ಫೋನ್ ಮಾಡಬೇಕು.

ಹಾಳೆ ಫೋಟೋ ತೆಗೆದು ಮನೆಯವರೆಲ್ಲರ ಫೋನಲ್ಲೂ ಇರಲಿ. 108 ಗಾಡಿ ಬರೋ ಹೊತ್ತಲ್ಲಿ ಟ್ರಂಕ್ ಹುಡುಕೋಕೆ ಆಗಲ್ಲ. ಅಣ್ಣನ ಮಗನ ಫೋನಲ್ಲಿ ಇದು ಇದ್ದಿದ್ರೆ ಅವತ್ತು ಅವನು ಇಲ್ಲ ಅಂತ ಹೇಳ್ತಿರಲಿಲ್ಲ.

ನಮ್ಮನೇದು ಮೊನ್ನೆ ಬರೆದು ಮುಗಿಸಿದ್ವಿ. ಅವ್ವನ ಹಾಳೆ ಮೇಲೆ "ಪೆನಿಸಿಲಿನ್ ಗುಂಪಿನ ಯಾವುದೂ ಆಗಲ್ಲ" ಅಂತ ಮಗಳು ದೊಡ್ಡದಾಗಿ ಬರೆದಿದ್ದಾಳೆ. ಸೋಮವಾರ ಬೆಳಗ್ಗೆ ಡೇರಿ ಹತ್ರ ನೋಟ್‌ಬುಕ್ ತರ್ತೀನಿ, ನೋಡಬೇಕು ಅನ್ನೋರು ನೋಡಿ. ಬರೆಯೋಕೆ ಬರದೆ ಇರೋರಿಗೆ ಮಗಳು ಬರೆದುಕೊಡ್ತಾಳಂತೆ. ಬರುವಾಗ ಮಾತ್ರೆ ಹಾಳೆ, ಹಳೇ ಚೀಟಿ ಎಲ್ಲಾ ಒಂದು ಕವರಲ್ಲಿ ಹಾಕ್ಕೊಂಡು ಬನ್ನಿ.

ರಾಗಿಗೆ ಎರಡನೇ ಕುಂಟೆ ತಡ ಆಯ್ತು, ಕಳೆ ಎದ್ದಿದೆ. ಮುಂದಿನ ವಾರ ಅದರ ಕಥೆ ಬರೀತೀನಿ.